ಎತ್ತರದ ಹ್ಯಾಂಡಲ್, ಗಿಡ್ಡ ವೈರು

ನಮ್ಮೂರಲ್ಲಿ ಮೋಟಾರ್ ಸೈಕಲ್ಲಿನ ಹ್ಯಾಂಡಲ್‌ಗೆ ಹೋಗುವ ಎಲ್ಲವನ್ನೂ ‘ವೈರು’ ಅಂತಲೇ ಕರೆಯುತ್ತಾರೆ. ಕ್ಲಚ್ ವೈರು, ಬ್ರೇಕ್ ವೈರು, ಹಾರನ್ ವೈರು. ಆದರೆ ಇವು ಎರಡು ಬೇರೆ ಬೇರೆ ಜಾತಿ. ಕ್ಲಚ್ ಮತ್ತು ಎಕ್ಸಲೇಟರ್ ವೈರು ಎಂದರೆ ನಿಜವಾಗಿ ಕೇಬಲ್. ಒಳಗೆ ಉಕ್ಕಿನ ತಂತಿ, ಹೊರಗೆ ಕೊಳವೆ. ನಾವು ಎಳೆದ ಶಕ್ತಿಯನ್ನು ಅದು ಇಂಜಿನ್ ಕಡೆಗೆ ಸಾಗಿಸುತ್ತದೆ. ಹಾರನ್ ವೈರಿನೊಳಗೆ ತಾಮ್ರದ ಎಳೆಗಳಿವೆ, ಅದರಲ್ಲಿ ಹರಿಯುವುದು ಕರೆಂಟು. ಹ್ಯಾಂಡಲ್ ಎತ್ತರಿಸಿದಾಗ ಎರಡೂ ಗಿಡ್ಡವಾಗುತ್ತವೆ. ತಾಮ್ರದ ವೈರಿಗೆ ತುಂಡು ಸೇರಿಸಿ ಉದ್ದ ಮಾಡಬಹುದು. ಕೇಬಲ್ಲಿಗೆ ಎಂದೂ ತುಂಡು ಸೇರಿಸಬಾರದು, ಅಂಗಡಿಯಿಂದ ಉದ್ದದ್ದೇ ತರಬೇಕು. ಡಿಸ್ಕ್ ಬ್ರೇಕ್ ಇದ್ದರೆ ಆಯಿಲ್ ಪೈಪು ಕೂಡಾ ಹಾಗೆಯೇ. ಅದನ್ನು ಬದಲಾಯಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಇದನ್ನೆಲ್ಲಾ ನಾನು ತಿಳಿದದ್ದು ಹಾಲಿನ ಅಣ್ಣನ ಬುಲೆಟ್ಟಿನಿಂದ. ಅವರಿಗೆ ಸೊಂಟ ನೋವು. ಬಗ್ಗಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಪೇಟೆಯ ಒಂದು ಅಂಗಡಿಯಲ್ಲಿ ಎತ್ತರದ ಹ್ಯಾಂಡಲ್ ಹಾಕಿಸಿಕೊಂಡು ಬಂದರು. ಆ ಅಂಗಡಿಯವರು ಹ್ಯಾಂಡಲ್ ಮಾತ್ರ ಬದಲಾಯಿಸಿ, ಹಳೇ ವೈರುಗಳನ್ನೇ ಎಳೆದು ಬಿಗಿದು ಕಳಿಸಿದ್ದರು. ನೇರ ಹೋಗುವಾಗ ಎಲ್ಲಾ ಸರಿ ಇತ್ತು. ಎಡಕ್ಕೆ ಪೂರ್ತಿ ತಿರುಗಿಸಿದರೆ ಮಾತ್ರ ಹಾರನ್ನೂ ಇಲ್ಲ, ಹೆಡ್‌ಲೈಟೂ ಇಲ್ಲ. ಅವರು ಹಾಲು ತರೋದು ಬೆಳಗಿನ ಜಾವ ಐದಕ್ಕೆ. ಕೆರೆ ಏರಿಯ ಕೊನೆಯಲ್ಲಿ ಆ ಕಡಿದಾದ ತಿರುವು ಇದೆಯಲ್ಲ, ಅಲ್ಲಿ ಎರಡು ಕ್ಯಾನ್ ಹಾಲಿನ ಸಮೇತ ಕತ್ತಲೆಯಾದರೆ ಏನು ಗತಿ? ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಅಣ್ಣ ನೋಡಿ, “ಅಣ್ಣಾ, ಇದನ್ನ ಇವತ್ತು ಓಡಿಸ್ಬೇಡಿ, ಇಲ್ಲೇ ಬಿಡಿ” ಎಂದರು. ಎರಡು ಸಂಜೆ ನಾನು ಅಲ್ಲೇ ಕೂತು ಸ್ಪ್ಯಾನರ್ ಕೊಡ್ತಾ ನೋಡಿದೆ.

ಹ್ಯಾಂಡಲ್ ತಿರುಗುವ ವಸ್ತು. ಇಡೀ ವಿಷಯ ಇರೋದು ಅದರಲ್ಲೇ. ಮನೆ ಗೋಡೆಯ ವೈರು ಹಾಕಿದ ಕಡೆ ಸುಮ್ಮನೆ ಇರುತ್ತದೆ. ಗಾಡಿಯ ಈ ವೈರು ದಿನಕ್ಕೆ ನೂರಾರು ಸಲ ಬಗ್ಗುತ್ತದೆ, ಮೇಲಿಂದ ಇಂಜಿನ್ನಿನ ನಡುಕ ಬೇರೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ನಾವು ಮುರಿಯುತ್ತೇವಲ್ಲ, ಹಾಗೆಯೇ ಬಿಗಿಯಾಗಿ ನಿಂತ ವೈರಿನೊಳಗೆ ಎಳೆಗಳು ಒಂದೊಂದೇ ಮುರಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ! ಇದೇ ಮೋಸ. ಎಳೆದಾಗ ತುದಿಗಳು ದೂರ ಹೋಗಿ ಲೈಟ್ ಆರುತ್ತದೆ, ಬಿಟ್ಟಾಗ ಕೂಡಿ ಮತ್ತೆ ಹತ್ತುತ್ತದೆ.

ಹಾಗಾದರೆ ಎಷ್ಟು ಉದ್ದದ ತುಂಡು ಸೇರಿಸಬೇಕು? ಹಾಲಿನ ಅಣ್ಣನ ಹೊಸ ಹ್ಯಾಂಡಲ್ 15 ಸೆಂ.ಮೀ. ಮೇಲಕ್ಕೂ 8 ಸೆಂ.ಮೀ. ಹಿಂದಕ್ಕೂ ಬಂದಿತ್ತು. 15 ಮತ್ತು 8 ಕೂಡಿ 23 ಅಲ್ಲ. ಓರೆಯಾಗಿ ಅಳೆಯಬೇಕು. ಗಣಿತದ ಮೇಷ್ಟ್ರು ಹೇಳಿದ ಪೈಥಾಗೊರಸ್ ಪ್ರಮೇಯ ಇಲ್ಲಿ ಬಂತು ನೋಡಿ. 15ರ ವರ್ಗ 225, 8ರ ವರ್ಗ 64, ಕೂಡಿದರೆ 289, ಅದರ ವರ್ಗಮೂಲ 17. ನಾನು ಇದನ್ನು ಹೇಳಿದಾಗ ಮೆಕ್ಯಾನಿಕ್ ಅಣ್ಣ ನಕ್ಕು ಒಂದು ದಾರ ತೆಗೆದುಕೊಂಡರು. ಹ್ಯಾಂಡಲನ್ನು ಒಮ್ಮೆ ಎಡದ ಕೊನೆಗೆ, ಒಮ್ಮೆ ಬಲದ ಕೊನೆಗೆ ತಿರುಗಿಸಿ, ಸ್ವಿಚ್ಚಿನಿಂದ ಹೆಡ್‌ಲೈಟ್ ಡೂಮಿನವರೆಗೆ ದಾರ ಹಿಡಿದು, ಯಾವುದು ಹೆಚ್ಚೋ ಅದನ್ನು ಗುರುತು ಹಾಕಿದರು. ಹಳೇ ವೈರಿಗಿಂತ ಸುಮಾರು 17 ಸೆಂ.ಮೀ.ಯೇ ಹೆಚ್ಚು ಬೇಕಾಗಿತ್ತು. ಜೋಡಣೆಗೆ ಎರಡೂ ತುದಿಯಲ್ಲಿ ಸ್ವಲ್ಪ, ಸಡಿಲಿಗೆ ಸ್ವಲ್ಪ ಸೇರಿಸಿ 25 ಸೆಂ.ಮೀ. ತುಂಡುಗಳನ್ನು ಕತ್ತರಿಸಿದರು. ಲೆಕ್ಕಕ್ಕಿಂತ ದಾರವೇ ಹೆಚ್ಚು ನಂಬಿಕೆಯದು ಎಂದು ನನಗೂ ಅನ್ನಿಸಿತು. ಏಕೆಂದರೆ ಹ್ಯಾಂಡಲ್ ತಿರುಗೋದು ಲೆಕ್ಕದಲ್ಲಿ ಬರಲಿಲ್ಲ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ. ಆಮೇಲೆ ವೈರುಗಳನ್ನು ಒಂದೇ ಸಲ ಕತ್ತರಿಸಬಾರದು. ಒಂದು ಕತ್ತರಿಸು, ತುಂಡು ಸೇರಿಸು, ಮುಗಿಸು, ಆಮೇಲೆ ಇನ್ನೊಂದು. ಎಡಗಡೆ ಸ್ವಿಚ್ಚಿನಲ್ಲೇ ಡಿಮ್ ಡಿಪ್, ಹಾರನ್, ಇಂಡಿಕೇಟರ್ ಎಲ್ಲಾ ಸೇರಿ ಬಣ್ಣ ಬಣ್ಣದ ವೈರು ಒಂದು ಹಿಡಿ ಇರುತ್ತವೆ. ಸೇರಿಸುವ ತುಂಡೂ ಅದೇ ಬಣ್ಣದ್ದಾದರೆ ಮುಂದೆ ರಿಪೇರಿ ಮಾಡುವವರು ಬೈಯುವುದಿಲ್ಲ. ಬಣ್ಣ ಸಿಗದಿದ್ದರೆ ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಬೇಕು.

ದಪ್ಪದ ವಿಷಯ ಮುಖ್ಯ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಉರಿದರೆ 5 ಆಂಪಿಯರ್ ಕರೆಂಟು ಹರಿಯುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೇ ಜಾವಾ ಗಾಡಿಗಳಲ್ಲಿ 6 ವೋಲ್ಟಿನ ಬ್ಯಾಟರಿ. ಅಲ್ಲಿ 30 ವ್ಯಾಟಿಗೇ 5 ಆಂಪಿಯರ್ ಆಗಿಬಿಡುತ್ತದೆ. ಅಂದರೆ ಹಳೇ ಗಾಡಿಗೆ ಸಣ್ಣ ವೈರು ಸಾಕು ಅಂದುಕೊಳ್ಳುವುದು ತಪ್ಪು. ಅಗಲವಾದ ಕಾಲುವೆ ನಡುವೆ ಒಂದು ಮಾರು ಮಾತ್ರ ಕಿರಿದಾದರೆ ನೀರು ಅಲ್ಲೇ ತಡೆಯುತ್ತದಲ್ಲ? ತೆಳು ತುಂಡು ಸೇರಿಸಿದರೂ ಹಾಗೇ. ಅಲ್ಲಿ ವೈರು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಲೈಟೂ ಮಂಕಾಗುತ್ತದೆ. ದಪ್ಪ ನೋಡುವಾಗ ಪ್ಲಾಸ್ಟಿಕ್ ನೋಡಿ ಮೋಸ ಹೋಗಬೇಡಿ. ಕೆಲವು ಅಗ್ಗದ ವೈರಿಗೆ ಕೋಟು ದಪ್ಪ, ಒಳಗೆ ನಾಲ್ಕೇ ಎಳೆ! ತುದಿ ಸುಲಿದು ತಾಮ್ರವನ್ನೇ ನೋಡಬೇಕು. ಮನೆ ಗೋಡೆಯೊಳಗೆ ಹಾಕುವ ಒಂಟಿ ತಂತಿಯ ವೈರು ಎಷ್ಟೇ ದಪ್ಪ ಇದ್ದರೂ ಗಾಡಿಗೆ ಬೇಡ. ಹಗ್ಗದ ಹಾಗೆ ತುಂಬಾ ಸಣ್ಣ ಎಳೆಗಳಿರುವುದೇ ಬಗ್ಗುವುದಕ್ಕೆ ತಡೆಯುತ್ತದೆ.

ಈಗ ಜೋಡಣೆ. ಮೊದಲು ಸ್ಲೀವನ್ನು ವೈರಿಗೆ ತೂರಿಸಿಟ್ಟುಕೊಳ್ಳಬೇಕು. ಬೆಸುಗೆ ಹಾಕಿದ ಮೇಲೆ ತೂರಿಸಲು ಬರುವುದಿಲ್ಲ. ಎರಡು ತುದಿ ಸುಲಿದು, ಎಳೆಗಳನ್ನು ಒಂದರೊಳಗೊಂದು ಹೆಣೆದು ತಿರುಚಿ, ಸೀಸದ ಬೆಸುಗೆ ಹಾಕಿ, ಸ್ಲೀವನ್ನು ಅದರ ಮೇಲೆ ಸರಿಸಿ ಬಿಸಿ ತೋರಿಸಿದರೆ ಅದು ಕುಗ್ಗಿ ಬಿಗಿಯಾಗಿ ಕೂರುತ್ತದೆ. ಆದರೆ ಬೆಸುಗೆ ಹಾಕಿದ ಜಾಗ ಗಟ್ಟಿ, ಬಗ್ಗುವುದಿಲ್ಲ. ಗಟ್ಟಿ ಮುಗಿದು ಮೆತ್ತಗೆ ಶುರುವಾಗುವ ಕಡೆಯೇ ಮುರಿಯುವ ಜಾಗ. ಅದಕ್ಕೆ ಜೋಡಣೆ ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ಬರಬಾರದು. ಬಗ್ಗದ ಕಡೆ, ಹೆಡ್‌ಲೈಟ್ ಡೂಮಿನ ಒಳಗೆ ಅಥವಾ ಹ್ಯಾಂಡಲ್ ಪೈಪಿಗೆ ಕಟ್ಟಿದ ನೇರ ಜಾಗದಲ್ಲಿ ಬರಬೇಕು. ಡೂಮಿನಲ್ಲಾದರೆ ಬಲ್ಬಿನ ಹಿಂಭಾಗಕ್ಕೆ ತಾಗದಂತೆ ಇಡಬೇಕು, ಅದು ಸುಡುತ್ತದೆ. ಎಲ್ಲಾ ವೈರಿನ ಜೋಡಣೆ ಒಂದೇ ಕಡೆ ಬಂದರೂ ಕಷ್ಟ. ಇಲಿ ನುಂಗಿದ ಹಾವಿನ ಹಾಗೆ ಅಲ್ಲಿ ಉಬ್ಬುತ್ತದೆ, ಉಬ್ಬಿದ್ದು ಉಜ್ಜುತ್ತದೆ. ಮೆಕ್ಯಾನಿಕ್ ಅಣ್ಣ ಒಂದೊಂದನ್ನು ಎರಡೆರಡು ಬೆರಳು ಬಿಟ್ಟು ಮೇಲೆ ಕೆಳಗೆ ಮಾಡಿದರು.

ಕೆಲವರು ಚಂದಕ್ಕೆಂದು ವೈರನ್ನು ಹ್ಯಾಂಡಲ್ ಪೈಪಿನ ಒಳಗೇ ತೂರಿಸುತ್ತಾರೆ. ಆಗ ತೂತಿನ ಅಂಚನ್ನು ಅರದಿಂದ ಉಜ್ಜಿ ರಬ್ಬರ್ ಬುಶ್ ಹಾಕದಿದ್ದರೆ ಅಂಚು ಚಾಕುವಿನ ಹಾಗೆ ವೈರನ್ನು ಕುಯ್ಯುತ್ತದೆ. ಅಮೆರಿಕದಲ್ಲಿ ತುಂಬಾ ಎತ್ತರದ ಹ್ಯಾಂಡಲ್ಲಿಗೆ ‘ಏಪ್ ಹ್ಯಾಂಗರ್’ ಎನ್ನುತ್ತಾರೆ, ಕೋತಿ ನೇತಾಡುವ ಹ್ಯಾಂಡಲ್ ಎಂಬ ಅರ್ಥ. ನಮ್ಮೂರಲ್ಲಿ ಅಷ್ಟು ಎತ್ತರದ್ದು ನಾನು ಕಂಡಿಲ್ಲ. ಗಾಡಿಯನ್ನು ಆರ್.ಸಿ.ಯಲ್ಲಿರುವ ಕಂಪನಿಯ ವಿವರಕ್ಕೆ ಬೇರೆಯಾಗುವಂತೆ ಬದಲಾಯಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದ್ದರಿಂದ ಮುಂಚೆಯೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೇದು.

ಬ್ರೇಕಿನ ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇರುವ ಗಾಡಿಗಳಿವೆ. ಅದರ ವೈರನ್ನು ಮರೆತರೆ ಮುಂದಿನ ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ಲೈಟ್ ಹತ್ತುವುದಿಲ್ಲ. ಹಿಂದೆ ಬರುವ ಬಸ್ಸಿನವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲಾ ಮುಗಿದ ಮೇಲೆ ಪರೀಕ್ಷೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ತಿರುಗಿಸಬೇಕು. ತಿರುಗಿಸುವಾಗ ಹೆಡ್‌ಲೈಟ್, ಹಾರನ್, ಇಂಡಿಕೇಟರ್ ಒಂದೊಂದಾಗಿ ನೋಡಬೇಕು. ಇಂಜಿನ್ನಿನ ಶಬ್ದವನ್ನೂ ಕೇಳಬೇಕು. ಎಕ್ಸಲೇಟರ್ ಮುಟ್ಟದೆ ಶಬ್ದ ಏರಿದರೆ ಅದರ ಕೇಬಲ್ ಗಿಡ್ಡ ಎಂದು ಅರ್ಥ. ರಸ್ತೆಯಲ್ಲಿ ತಿರುಗುವಾಗ ಗಾಡಿ ತಾನಾಗಿ ಮುನ್ನುಗ್ಗುತ್ತದೆ. ಲೈಟ್ ಹೋಗುವುದಕ್ಕಿಂತ ಇದು ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ.

ಈ ಹಾಳೆಯ ಕೆಳಗೆ ಎರಡು ವೈರಿನ ತುಂಡು ಅಂಟಿಸಿದ್ದೇನೆ. ಒಂದನೆಯದು ಸುಮ್ಮನೆ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದು, ಎರಡನೆಯದು ಬೆಸುಗೆ ಹಾಕಿ ಸ್ಲೀವ್ ಹಾಕಿದ್ದು. ಮುಟ್ಟಿ, ಬಗ್ಗಿಸಿ ನೋಡಬಹುದು, ಕೀಳಬೇಡಿ. ಈ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ಒಂದನೆಯದರ ಟೇಪು ಆಗಲೇ ಅಂಟು ಬಿಡ್ತಾ ಇದೆ.