ಹೊರಬರಲೆಂದೇ ಒಳಗಿರುವ ಅಚ್ಚು

ಮುಂಬೈ ಹತ್ತಿರದ ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಗೋಡೆ, ಮಾಡುಗಳ ಮೇಲೆ ದಪ್ಪ ಕೊಳವೆಗಳು ಹರಿದಾಡುವುದು ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ಆಮ್ಲದ ಹೊಗೆಯನ್ನು ತೊಳೆದು ಬಿಡುವ ಸ್ಕ್ರಬ್ಬರಿಗೆ ಒಯ್ಯುವ ಡಕ್ಟ್‌ಗಳು ಇವು. ಹೈಡ್ರೋಕ್ಲೋರಿಕ್ ಆಮ್ಲದ ಆವಿಯ ಮುಂದೆ ಮಾಮೂಲಿ ಉಕ್ಕು ಬಾಳುವುದಿಲ್ಲ. ತುಕ್ಕು ಹಿಡಿದು ತೂತಾಗುತ್ತದೆ. ಹಾಗಾಗಿ ಗಾಜಿನ ನಾರನ್ನು ರೆಸಿನ್ನಿನಲ್ಲಿ ನೆನೆಸಿ ಮಾಡಿದ ಎಫ್‌ಆರ್‌ಪಿ ಡಕ್ಟ್ ಹಾಕುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ಬರೀ ‘ಫೈಬರ್’.

ಈ ಕಸುಬು ಇಲ್ಲಿ ನೆಲೆಯೂರಲು ಕಾರಣವಿದೆ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಎಂಐಡಿಸಿಯ, ಮೊದಲ ವಸಾಹತು ಥಾಣೆಯ ವಾಗ್ಳೆ ಎಸ್ಟೇಟ್. ಆಮೇಲೆ ಥಾಣೆ–ಬೇಲಾಪುರ ರಸ್ತೆಯ ರಬಾಳೆ, ಮಹಾಪೆ, ತುರ್ಭೆ, ಇತ್ತ ಡೊಂಬಿವಲಿ, ಅತ್ತ ತಳೋಜಾ ಬೆಳೆದವು. ತಳೋಜಾದಲ್ಲಿ ಓವನ್ಸ್ ಕಾರ್ನಿಂಗ್ ಕಂಪನಿ ಗಾಜಿನ ನಾರಿನ ಕಾರ್ಖಾನೆಯನ್ನೇ ಕಟ್ಟಿತು. ನಾರು, ರೆಸಿನ್, ಗಿರಾಕಿ ಮೂರೂ ಒಂದೇ ಪಟ್ಟಿಯಲ್ಲಿ ಸಿಕ್ಕವು.

ಬಿಗಿಹಿಡಿತ

ಟೊಳ್ಳಾದ ವಸ್ತು ಬೇಕಾದರೆ ಒಳಗೊಂದು ಅಚ್ಚು ಇರಬೇಕು. ಅದೇ ಕೋರ್. ಅದರ ಮೇಲೆ ಗಾಜಿನ ಮ್ಯಾಟ್ ಹಾಸಿ, ರೆಸಿನ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯುತ್ತಾರೆ. ರೆಸಿನ್ ಗಟ್ಟಿಯಾದ ಮೇಲೆ ಕೋರ್ ಹೊರಬರಬೇಕು. ಆದರೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 5ರಿಂದ 8ರಷ್ಟು ಕುಗ್ಗುತ್ತದೆ. ನಾರು ಈ ಕುಗ್ಗುವಿಕೆಯನ್ನು ತಡೆದರೂ, ಉಳಿದ ಅಲ್ಪವೇ ಕೋರನ್ನು ಬಿಗಿಯಾಗಿ ಅಪ್ಪಿಕೊಳ್ಳಲು ಸಾಕು. ಮೇಣ ತಿಕ್ಕಿ, ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಪೊರೆ ಬಳಿದರೆ ಅಂಟುವುದು ತಪ್ಪುತ್ತದೆ, ಬಿಗಿತ ತಪ್ಪುವುದಿಲ್ಲ.

ನೇರ ಕೊಳವೆಗೆ ಪರಿಹಾರ ಸುಲಭ. ಕೋರಿಗೆ ತುಸು ಇಳಿಜಾರು ಕೊಟ್ಟರಾಯಿತು. 300 ಮಿ.ಮೀ. ಉದ್ದಕ್ಕೆ 1 ಡಿಗ್ರಿ ಇಳಿಜಾರು ಎಂದರೆ ಒಂದೊಂದು ಬದಿಗೆ ಸುಮಾರು 5 ಮಿ.ಮೀ. ಒಂದು ಇಂಚು ಜರುಗಿತೆಂದರೆ ಮುಂದಿನದು ತಾನಾಗಿಯೇ ಸಡಿಲ. ಒಲೆಯಲ್ಲಿ ಬೇಯಿಸುವ ಭಾಗವಾದರೆ ಅಲ್ಯೂಮಿನಿಯಂ ಕೋರ್ ನೆರವಿಗೆ ಬರುತ್ತದೆ. 300 ಮಿ.ಮೀ. ವ್ಯಾಸದ ಕೋರ್ 100 ಡಿಗ್ರಿ ತಣಿದಾಗ ಸುಮಾರು 0.7 ಮಿ.ಮೀ. ಕುಗ್ಗಿ ತಾನೇ ಗೋಡೆಯನ್ನು ಬಿಟ್ಟುಕೊಡುತ್ತದೆ.

ಬೆಂಡಿನ ತೊಡಕು

ಡಕ್ಟ್ ಮೂಲೆ ತಿರುಗುವಲ್ಲಿ ಬೇಕಾಗುವ 90 ಡಿಗ್ರಿ ಬೆಂಡನ್ನು ಹತ್ತಿರದಿಂದ ನೋಡೋಣ. ಅದು ಉದ್ದಕ್ಕೂ ಒಂದೇ ವೃತ್ತದ ಕಮಾನಾಗಿದ್ದರೆ, ಕೋರನ್ನು ಅದೇ ವೃತ್ತದ ಗುಂಟ ತಿರುಗಿಸುತ್ತ ಇಡಿಯಾಗಿ ಹೊರತೆಗೆಯಬಹುದು. ಆದರೆ ಪಕ್ಕದ ಕೊಳವೆಗೆ ಜೋಡಿಸಲು ಎರಡೂ ತುದಿಯಲ್ಲಿ ಒಂದೊಂದು ಗೇಣು ನೇರ ಭಾಗ ಸೇರಿಸಿದಿರೋ, ಕೋರ್ ಅಲ್ಲೇ ಸೆರೆ. ನೇರ ಭಾಗ ಕಮಾನಿನೊಳಗೆ ಜಾರದು, ಕಮಾನು ನೇರ ಭಾಗದೊಳಗೆ ಜಾರದು. ಕೋರನ್ನು ನಡುವೆ ಎರಡು ತುಂಡು ಮಾಡಿದರೂ ತೊಡಕು ಬಗೆಹರಿಯದು.

ಆಗ ಉಳಿಯುವ ದಾರಿ ಎರಡು. ಬೆಂಡನ್ನೇ ಎರಡು ಹೋಳಾಗಿ ಮಾಡಿ ಆಮೇಲೆ ಬೆಸೆಯುವುದು ಒಂದು; ಕಸುಬಿನಲ್ಲಿ ಇದು ವಾಡಿಕೆ. ಆದರೆ ಬೆಸುಗೆ ಸರಿಯಾಗದಿದ್ದರೆ ಆಮ್ಲ ಮೊದಲು ನುಸುಳುವುದು ಅಲ್ಲಿಂದಲೇ. ಕೋರಿನ ರೂಪವನ್ನೇ ಅಳಿಸಿ ಹೊರತೆಗೆಯುವುದು ಇನ್ನೊಂದು.

ಅಳಿದು ಹೊರಬರುವ ಕೋರ್‌ಗಳು

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ನಯವಾಗಿ ತಿದ್ದಬಹುದು, ಕೊನೆಗೆ ಒಡೆದು ತೆಗೆಯಬಹುದು. ಆದರೆ ಅದರೊಳಗಿನ ತೇವ ಪೂರ್ತಿ ಆರಬೇಕು. ತೇವ ಉಳಿದರೆ ಅದಕ್ಕೆ ತಾಗಿದ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಂಕಣದ ಮಳೆಯಲ್ಲಿ ಇದು ದೊಡ್ಡ ತಲೆನೋವು. ಹಾಗೆಂದು ಜೋರು ಶಾಖ ಕೊಟ್ಟರೆ ಪ್ಲಾಸ್ಟರ್ ಬಲ ಕಳೆದುಕೊಂಡು ಪುಡಿಯಾಗುತ್ತದೆ. 50 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿಯೇ ಒಣಗಿಸಬೇಕು.

ಥರ್ಮೋಕೋಲ್ ಹಗುರ, ಬಿಸಿ ತಂತಿಯಲ್ಲಿ ಬೆಣ್ಣೆಯಂತೆ ಕೊಯ್ಯಬಹುದು, ಅಸಿಟೋನ್ ಸುರಿದರೆ ಕರಗಿ ಇಳಿಯುತ್ತದೆ. ಆದರೆ ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಕೂಡ ಅದನ್ನು ಕರಗಿಸುತ್ತದೆ. ಮರೆತು ನೇರವಾಗಿ ಹಚ್ಚಿದರೆ ಭಾಗ ಗಟ್ಟಿಯಾಗುವ ಮೊದಲೇ ಕೋರ್ ಕುಸಿದುಹೋಗಿರುತ್ತದೆ. ಟೇಪು ಸುತ್ತಿ ಮುಚ್ಚಬೇಕು, ಇಲ್ಲವೇ ಇಪಾಕ್ಸಿ ರೆಸಿನ್ ಬಳಸಬೇಕು.

ಮರಳಿಗೆ ಪಿವಿಎ ದ್ರಾವಣ ಕಲಸಿ, ಅಚ್ಚಿಗೆ ತುಂಬಿ ಒಣಗಿಸಿದರೆ ಗಟ್ಟಿ ಕೋರ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರು ಹಾಯಿಸಿದರೆ ಅಂಟು ಕರಗಿ ಮರಳು ಹರಿದುಹೋಗುತ್ತದೆ. ಒತ್ತಡದ ಅನಿಲ ತುಂಬುವ ಪಾತ್ರೆಗಳಂಥ, ಬಾಯಿ ಕಿರಿದು ಹೊಟ್ಟೆ ದೊಡ್ಡದಾದ ವಸ್ತುಗಳಿಗೆ ನಾರಿನ ಎಳೆ ಸುತ್ತುವಾಗ ಈ ವಿಧಾನ ಬಹು ಉಪಯುಕ್ತ. ಅಲ್ಲಿ ಬೇರಾವುದೇ ಗಟ್ಟಿ ಕೋರ್ ಬಾಯಿಯ ಮೂಲಕ ಹೊರಬರುವುದು ಕಷ್ಟ.

ಮೇಣವನ್ನು ಕರಗಿಸಿ ತೆಗೆಯುವ ಉಪಾಯವಂತೂ ಹಳೆಯದು. ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಜೇನುಮೇಣದಿಂದ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮದ ವಿವರಣೆಯಿದೆ. ಅಲ್ಲಿ ಮೇಣ ಕರಗಿ ಲೋಹಕ್ಕೆ ಜಾಗ ಬಿಡುತ್ತದೆ. ಇಲ್ಲಿ ಮೇಣ ಕರಗಿ ಟೊಳ್ಳು ಉಳಿಯುತ್ತದೆ. ಒಂದೇ ಎಚ್ಚರ: ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಒಮ್ಮೆಲೇ ದಪ್ಪ ಹಚ್ಚಿದರೆ ಆ ಬಿಸಿಗೇ ಮೇಣ ಮೆದುವಾಗಿ ಆಕಾರ ಕೆಡುತ್ತದೆ.

ಒಳಗಿನಿಂದ ಒತ್ತುವ ಕೋರ್

ಕಾರ್ಬನ್ ನಾರಿನ ಸೈಕಲ್ ಚೌಕಟ್ಟಿನೊಳಗೆ ಗಾಳಿ ತುಂಬಿದ ಚೀಲವೇ ಕೋರ್. ಅದು ಪದರಗಳನ್ನು ಹೊರ ಅಚ್ಚಿಗೆ ಒತ್ತಿ ಹಿಡಿಯುತ್ತದೆ. ಗಾಳಿ ಬಿಟ್ಟರೆ ಮುದುಡಿ ಹೊರಬರುತ್ತದೆ. ಸಿಲಿಕೋನ್ ರಬ್ಬರ್ ಕೋರ್ ಇನ್ನೂ ಜಾಣತನದ್ದು. ಬಿಸಿಗೆ ಅದು ಅಲ್ಯೂಮಿನಿಯಂಗಿಂತ ಹತ್ತುಪಟ್ಟಿನಷ್ಟು ಹಿಗ್ಗುತ್ತದೆ. ಒಲೆಯಲ್ಲಿ ಹಿಗ್ಗಿ ಒತ್ತಡ ಕೊಡುತ್ತದೆ, ತಣಿದಾಗ ಕುಗ್ಗಿ ಸಡಿಲಾಗುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ತೇಜಸ್ ವಿಮಾನಕ್ಕಾಗಿ ಹಲವು ಭಾಗಗಳನ್ನು ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿದ್ಯೆಯನ್ನು ಬೆಳೆಸಿತು. 2001ರ ಜನವರಿ 4ರಂದು ಮೊದಲು ಹಾರಿದ ಆ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45 ಪಾಲು ಕಾಂಪೊಸಿಟ್, ಅಂದರೆ ನಾರು, ರೆಸಿನ್ ಸೇರಿದ ವಸ್ತು. ಇಂಥ ಕೆಲಸದಲ್ಲಿ ಒಳಗಿಟ್ಟ ಪ್ರತಿ ಅಚ್ಚಿಗೂ ಹೊರಬರುವ ದಾರಿ ನಕ್ಷೆಯಲ್ಲೇ ಇರಬೇಕಾಗುತ್ತದೆ. ಡೊಂಬಿವಲಿಯ ಬೆಂಡಿಗೂ ಇದೇ ನಿಯಮ.

ಜೀವ ಮೊದಲು

2016ರ ಮೇ 26 ಮತ್ತು 2024ರ ಮೇ 23ರ ರಾಸಾಯನಿಕ ಕಾರ್ಖಾನೆ ಸ್ಫೋಟಗಳಲ್ಲಿ ಡೊಂಬಿವಲಿ ಅನೇಕ ಜೀವಗಳನ್ನು ಕಳೆದುಕೊಂಡಿದೆ. ಸಣ್ಣ ಶೆಡ್ಡಿನಲ್ಲಿ ಫೈಬರ್ ಕೆಲಸ ಮಾಡುವವರೂ ಅಪಾಯದಿಂದ ದೂರವಿಲ್ಲ. ರೆಸಿನ್ ಗಟ್ಟಿಯಾಗಿಸುವ ಎಂಇಕೆಪಿ ಒಂದು ಪೆರಾಕ್ಸೈಡ್. ಅದನ್ನೂ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನೂ ಎಂದಿಗೂ ನೇರವಾಗಿ ಬೆರೆಸಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಎಂಇಕೆಪಿ ಹಾಕಬೇಕು. ಅಸಿಟೋನ್ ಬಳಸುವ ಕಡೆ ಕಿಡಿ ಕೂಡದು, ಗಾಳಿ ಆಡಬೇಕು. ಥರ್ಮೋಕೋಲ್ ಕರಗಿದ ಅಸಿಟೋನ್ ಮೋರಿಗೆ ಸುರಿಯುವಂಥದ್ದಲ್ಲ. ಅದು ಹೋಗಬೇಕಾದದ್ದು ತಳೋಜಾದಲ್ಲಿರುವಂಥ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರಕ್ಕೆ.

ಆದ್ದರಿಂದ ಕೋರಿನ ಆಯ್ಕೆ ಕೆಲಸದ ಮೊದಲ ಹೆಜ್ಜೆ. ನಕ್ಷೆ ಕೈಗೆ ಬಂದೊಡನೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೋರ್ ಯಾವ ಬಾಯಿಯಿಂದ, ಯಾವ ರೂಪದಲ್ಲಿ ಹೊರಬರುತ್ತದೆ? ಅಲ್ಲಿಯವರೆಗೆ ರೆಸಿನ್ ಮತ್ತು ಶಾಖವನ್ನು ತಾಳುತ್ತದೆಯೇ? ತೆಗೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಮೊದಲ ಮ್ಯಾಟ್ ಕತ್ತರಿಸಿ.