ನನ್ನ ಗೆರೆ ಯಾರಿಂದ ಬಂತು?

ಕಳೆದ ವರ್ಷ ನಮ್ಮ ಕಾಲೇಜಿನ ಗೋಡೆ ಪತ್ರಿಕೆಯಲ್ಲಿ ನಾಲ್ಕು ಚೌಕದ ಒಂದು ಕಾಮಿಕ್ ಬಂದಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅರಸೀಕೆರೆ ರೈಲು ನಿಲ್ದಾಣದಲ್ಲಿ ಒಬ್ಬ ಹುಡುಗಿ ಪರೀಕ್ಷೆಗೆ ಹೊರಟು ನಿಂತಿರುತ್ತಾಳೆ. ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟು ಬಂದಿರುತ್ತಾಳೆ, ಆದರೆ ಊಟದ ಡಬ್ಬಿ ಮಾತ್ರ ಮರೆತಿರುವುದಿಲ್ಲ. ಓದಿದವರೆಲ್ಲ ನಕ್ಕರು. ವಾರ್ಷಿಕೋತ್ಸವದಲ್ಲಿ ಅದಕ್ಕೆ ಮೊದಲ ಬಹುಮಾನವೂ ಬಂತು. ಕೆಳಗೆ ನನ್ನ ಹೆಸರಿತ್ತು.

ಆ ಕಾಮಿಕ್ ನನ್ನದಲ್ಲ. ಇನ್‌ಸ್ಟಾಗ್ರಾಂನಲ್ಲಿ ಕಂಡ ಒಂದು ವೆಬ್‌ಕಾಮಿಕ್ಕನ್ನು ದೊಡ್ಡದು ಮಾಡಿ, ಮೊಬೈಲ್ ಪರದೆಯ ಮೇಲೆ ತೆಳು ಕಾಗದವಿಟ್ಟು ಗೆರೆ ಎಳೆದಿದ್ದೆ. ಹುಡುಗಿಗೆ ನಮ್ಮ ಕಾಲೇಜಿನ ಸಮವಸ್ತ್ರ ತೊಡಿಸಿದೆ, ಹಿಂದೆ ನಮ್ಮ ಸ್ಟೇಷನ್ನಿನ ಹಳದಿ ಬೋರ್ಡು ಬರೆದೆ, ಮಾತನ್ನು ಕನ್ನಡಕ್ಕೆ ತಂದೆ. ನಾನು ಮಾಡಿದ್ದು ಅಷ್ಟೇ.

ಬಹುಮಾನ ಬಂದ ಮೇಲೆ ಪ್ರಥಮ ಪಿಯುಸಿಯ ಒಬ್ಬಳು ಬಂದು, "ಆಪಾ, ಇದನ್ನು ಯಾರ ಹತ್ತಿರ ಕಲಿತಿರಿ? ನನಗೂ ಹೇಳಿಕೊಡಿ" ಅಂದಳು. ನನ್ನ ಬಾಯಿ ಕಟ್ಟಿತು. ಕೆಲವು ವಾರಗಳ ನಂತರ ಧೈರ್ಯ ಮಾಡಿ ಕನ್ನಡ ಮೇಡಂ ಹತ್ತಿರ ನಿಜ ಹೇಳಿದೆ. ಅವರು ಬೈಯಲಿಲ್ಲ. "ಆ ಹುಡುಗಿ ಕೇಳಿದ ಪ್ರಶ್ನೆ ಒಳ್ಳೆಯದು ಕಣಮ್ಮ. ಇಂಥ ಚಿತ್ರ ಬರೆಯುವವರೆಲ್ಲ ಯಾರ ಹತ್ತಿರ ಕಲಿತರು ಅಂತ ಹುಡುಕಿ ಬರೆ" ಎಂದರು. ಆ ಹುಡುಕಾಟವೇ ಈ ಲೇಖನ.

ವೆಬ್‌ಕಾಮಿಕ್ ಎಂದರೆ

ಕಾಮಿಕ್ ಎಂದರೆ ಚಿತ್ರಗಳನ್ನು ಸಾಲಾಗಿ ಇಟ್ಟು ಕಥೆ ಹೇಳುವುದು. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಸ್ವಲ್ಪ ಖಾಲಿ ಜಾಗವಿರುತ್ತದೆ. ಮೊದಲ ಚೌಕದಲ್ಲಿ ಅಬ್ಬಾ ಕೈ ಎತ್ತಿದ್ದಾರೆ, ಎರಡನೆಯದರಲ್ಲಿ ಹುಡುಗ ಕೆನ್ನೆ ಹಿಡಿದುಕೊಂಡಿದ್ದಾನೆ ಎಂದುಕೊಳ್ಳಿ. ಏಟು ಬಿದ್ದದ್ದನ್ನು ಯಾರೂ ಚಿತ್ರಿಸಿಲ್ಲ, ಓದುಗನೇ ಮನಸ್ಸಿನಲ್ಲಿ ಚಿತ್ರಿಸಿಕೊಂಡ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ ಬಗ್ಗೆ ಕಾಮಿಕ್ ರೂಪದಲ್ಲೇ ಒಂದು ಪುಸ್ತಕ ಬರೆದು, ಈ ಖಾಲಿ ಜಾಗದಲ್ಲೇ ಕಾಮಿಕ್ಕಿನ ಜೀವವಿದೆ ಎಂದು ವಿವರಿಸಿದರು.

ಇದನ್ನೇ ಪತ್ರಿಕೆಯ ಬದಲು ನೇರವಾಗಿ ಅಂತರ್ಜಾಲದಲ್ಲಿ ಪ್ರಕಟಿಸಿದರೆ ಅದು ವೆಬ್‌ಕಾಮಿಕ್. ಇಲ್ಲಿ ಪ್ರಕಾಶಕರ ಒಪ್ಪಿಗೆ ಬೇಕಿಲ್ಲ, ಸಂಪಾದಕರ ಕತ್ತರಿ ಇಲ್ಲ. ಸಂಬಳವೂ ಇಲ್ಲ. ಪುಸ್ತಕ ಮಾರಿ, ಬೇರೆಯವರಿಗೆ ಚಿತ್ರ ಬರೆದುಕೊಟ್ಟು, ಓದುಗರು ಕೊಡುವ ಸಣ್ಣ ಮೊತ್ತಗಳಿಂದ ಇವರ ಬದುಕು ಸಾಗಬೇಕು. ಆದ್ದರಿಂದ ಹೆಸರೇ ಇವರ ಬಂಡವಾಳ. ಚಿತ್ರದ ಮೂಲೆಯಲ್ಲಿರುವ ಹೆಸರನ್ನು ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಿದರೆ, ಹೊಸ ಓದುಗ ಅವರನ್ನು ಹುಡುಕಿಕೊಂಡು ಬರುವ ದಾರಿಯೇ ಮುಚ್ಚಿತು.

ಚೆನ್ನಾಗಿ ಚಿತ್ರ ಬರೆಯಲು ಬರಲೇಬೇಕು ಎಂದೂ ಇಲ್ಲ. ಬೆಂಗಳೂರಿನ ರಚಿತಾ ತನೇಜಾ 2014ರಲ್ಲಿ ಆರಂಭಿಸಿದ 'ಸ್ಯಾನಿಟರಿ ಪ್ಯಾನೆಲ್ಸ್' ಪೂರ್ತಿ ಕಡ್ಡಿ ಗೊಂಬೆಗಳದ್ದು. 2005ರಿಂದ ಬರುತ್ತಿರುವ ರಾಂಡಲ್ ಮನ್ರೋ ಅವರ 'ಎಕ್ಸ್‌ಕೆಸಿಡಿ'ಯೂ ಹಾಗೆಯೇ; ಅದರಲ್ಲಿ ಗಣಿತ, ಭೌತಶಾಸ್ತ್ರದ ತಮಾಷೆಗಳಿರುವುದರಿಂದ ನಮ್ಮ ವಿಜ್ಞಾನ ವಿಭಾಗದವರಿಗೆ ಹಿಡಿಸುತ್ತದೆ. ದೊಡ್ಡವರಾದ ಮೇಲೆಯೇ ಶುರು ಮಾಡಬೇಕು ಎಂದೂ ಇಲ್ಲ. ಈಜಿಪ್ಟಿನ ದೀನಾ ಮೊಹಮ್ಮದ್ 2013ರಲ್ಲಿ ಹಿಜಾಬ್ ತೊಟ್ಟ ವೀರವನಿತೆಯ ಕಥೆಯಾದ 'ಕಾಹಿರಾ' ಆರಂಭಿಸಿದಾಗ ಆಕೆಗೆ ಹದಿನೆಂಟು ವರ್ಷ. ಕೈರೋ ನಗರದ ಅರಬಿ ಹೆಸರೇ ಆ ವೀರವನಿತೆಯ ಹೆಸರು.

ಹಳೆಯ ಚಿತ್ರ, ಹೊಸ ಮಾತು

ಈಗ ಮೇಡಂ ಕೊಟ್ಟ ಪ್ರಶ್ನೆಗೆ ಬರುತ್ತೇನೆ. ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಚಿತ್ರ ನಿರ್ದೇಶಕಿ ಆರತಿ ಪಾರ್ಥಸಾರಥಿ ಅವರ 'ರಾಯಲ್ ಎಕ್ಸಿಸ್ಟೆನ್ಶಿಯಲ್ಸ್'. ಇದೂ 2014ರಲ್ಲಿ ಶುರುವಾಯಿತು. ಅವರು ಹೊಸದಾಗಿ ಚಿತ್ರ ಬರೆಯುವುದಿಲ್ಲ. ಮೊಘಲ್ ಕಾಲದಂಥ ಹಳೆಯ ಕಿರುಚಿತ್ರಗಳನ್ನು ತೆಗೆದುಕೊಂಡು, ಅದರಲ್ಲಿರುವ ರಾಜ ರಾಣಿಯರ ಬಾಯಿಂದ ಇಂದಿನ ಮಾತು ಆಡಿಸುತ್ತಾರೆ. ದರ್ಬಾರಿನಲ್ಲಿ ಕೂತವರು ನಮ್ಮ ಕಾಲದ ಬೇಸರ, ಜಾತಿ, ಹೆಣ್ಣುಮಕ್ಕಳ ಪಾಡು ಇತ್ಯಾದಿ ಮಾತಾಡಿಕೊಳ್ಳುತ್ತಾರೆ.

ಹಾಗಾದರೆ ನಾನು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಂದು, ಆ ಚಿತ್ರಗಳು ನೂರಾರು ವರ್ಷ ಹಳೆಯವು, ಅವುಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಎರಡು, ಚಿತ್ರ ಹಳೆಯದು ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಮುಚ್ಚುಮರೆ ಇಲ್ಲ. ಮೂರು, ಹಳೆಯ ಚಿತ್ರಕ್ಕೆ ಹೊಸ ಮಾತು ಸೇರಿಸುವ ಉಪಾಯ ಅಮೆರಿಕದ ಡೇವಿಡ್ ಮಲ್ಕಿ ಅವರ 'ವಂಡರ್‌ಮಾರ್ಕ್' ವೆಬ್‌ಕಾಮಿಕ್‌ನಿಂದ ಬಂದದ್ದು ಎಂದು ಆರತಿ ಹೆಸರು ಹೇಳಿಯೇ ತಿಳಿಸಿದ್ದಾರೆ. ಮಲ್ಕಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿದ್ದಂಥ ಚಿತ್ರಗಳನ್ನು ಬಳಸುತ್ತಾರೆ, ಆರತಿ ನಮ್ಮ ದೇಶದ ಚಿತ್ರಗಳನ್ನು ಬಳಸಿದರು. ಉಪಾಯ ಅವರದು, ಮಾತು ಇವರದು.

ಆ ಮೊಘಲ್ ಚಿತ್ರಗಳನ್ನು ಬರೆದವರು ಯಾರು ಎಂದು ಹುಡುಕಿದಾಗ ಇನ್ನೂ ಸ್ವಾರಸ್ಯ ಸಿಕ್ಕಿತು. ಅಕ್ಬರ್ ಬಾದಶಹ 1562ರ ಸುಮಾರಿಗೆ ಅಮೀರ್ ಹಂಝಾನ ದಾಸ್ತಾನನ್ನು ಚಿತ್ರವಾಗಿಸಲು ಹೇಳಿದ. ಸುಮಾರು 1,400 ದೊಡ್ಡ ಚಿತ್ರಗಳು ಆದವು, ಹದಿನೈದು ವರ್ಷ ಹಿಡಿಯಿತು. ಚಿತ್ರದ ಬೆನ್ನಿನಲ್ಲಿ ಕಥೆ ಬರೆದಿರುತ್ತಿತ್ತು. ಒಬ್ಬರು ಚಿತ್ರ ಹಿಡಿದು ನಿಂತರೆ, ಇನ್ನೊಬ್ಬರು ಹಿಂದಿನಿಂದ ಓದಬಹುದಿತ್ತು. ಕೆಲಸದ ಮೇಲ್ವಿಚಾರಣೆ ಇರಾನಿನಿಂದ ಬಂದ ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ ಸಮದ್ ಎಂಬ ಉಸ್ತಾದರದು.

ಅಬ್ದುಸ್ ಸಮದರ ಶಾಗಿರ್ದರಲ್ಲಿ ಒಬ್ಬನ ಹೆಸರು ದಸವಂತ. ಪಲ್ಲಕ್ಕಿ ಹೊರುವವನ ಮಗ. ಗೋಡೆಯ ಮೇಲೆ ಚಿತ್ರ ಗೀಚುತ್ತಿದ್ದವನನ್ನು ಅಕ್ಬರ್ ಕಂಡು ಉಸ್ತಾದರ ಕೈಗೊಪ್ಪಿಸಿದ ಎಂದು ಅಬುಲ್ ಫಝಲ್ 'ಐನ್-ಎ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಮುಂದೆ ಮಹಾಭಾರತವನ್ನು ಪಾರ್ಸಿಗೆ ಅನುವಾದಿಸಿ 'ರಝ್ಮ್‌ನಾಮಾ' ಎಂದು ಹೆಸರಿಟ್ಟಾಗ, ಅದರ ಎಷ್ಟೋ ಚಿತ್ರಗಳ ರೇಖೆ ಈ ದಸವಂತನದೇ. ಚಿತ್ರದ ಅಂಚಿನಲ್ಲಿ ರೇಖೆ ಯಾರದು, ಬಣ್ಣ ತುಂಬಿದ ಕೆಲಸ ಯಾರದು ಎಂದು ಬೇರೆ ಬೇರೆಯಾಗಿ ನಮೂದಿಸಿದ್ದಾರೆ. ನಾನೂರು ವರ್ಷಕ್ಕೂ ಹಿಂದೆ, ಪಲ್ಲಕ್ಕಿ ಹೊರುವವನ ಮಗನಿಗೂ ಅವನ ಪಾಲಿನ ಹೆಸರು ಸಿಕ್ಕಿತ್ತು.

ಮೈಸೂರಿನ ಹುಡುಗನ ಗುರು

ನಮ್ಮವರೇ ಆದ ಆರ್. ಕೆ. ಲಕ್ಷ್ಮಣ್ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗ ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ನೋಡಿ ನೋಡಿ ಮರುಳಾದರು. ಲೋ ಎಂಬ ಸಹಿಯನ್ನು ಬಹಳ ದಿನ 'ಕೌ' ಎಂದು, ಅಂದರೆ ಹಸು ಎಂದು ಓದಿಕೊಂಡಿದ್ದರಂತೆ! ಮುಂಬೈಯ ಜೆ. ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಮೈಸೂರಿನಲ್ಲೇ ಬಿ.ಎ. ಓದುತ್ತ, ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೂ, ರಾಶಿ ಅವರ ಕನ್ನಡ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದರು. ಆಮೇಲೆ ಅವರ 'ಕಾಮನ್ ಮ್ಯಾನ್' ದೇಶಕ್ಕೆಲ್ಲ ಪರಿಚಯವಾದ. ಚೌಕಳಿ ಕೋಟು, ಪಂಚೆ, ಕನ್ನಡಕದ ಆ ಮುದುಕ ಇಂಗ್ಲೆಂಡಿನವನಲ್ಲ, ನಮ್ಮ ಯಾವ ಬಸ್ ಸ್ಟ್ಯಾಂಡಿನಲ್ಲೂ ಕಾಣಸಿಗುವವನು. ಲಕ್ಷ್ಮಣ್ ಲೋ ಅವರಿಂದ ಕುಂಚದ ಓಟ ಕಲಿತರು, ಮುಖಗಳನ್ನು ಮಾತ್ರ ನಮ್ಮ ಬೀದಿಯಿಂದ ತಂದರು.

ಕಲ್ಲಿನಲ್ಲಿ ಸಹಿ

ಇಷ್ಟೆಲ್ಲ ಓದಿದ ಮೇಲೆ ನಮ್ಮ ತರಗತಿಯ ಪ್ರವಾಸ ಬಂತು. ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು. ಎಷ್ಟೋ ಸಲ ನೋಡಿದ ಜಾಗವೇ. ಈ ಸಲ ಬೇರೆಯಾಗಿ ಕಂಡಿತು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಪಟ್ಟಿ ಪಟ್ಟಿಯಾಗಿ ಕೆತ್ತನೆ ಇದೆ. ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಅದರ ಮೇಲಿನ ಒಂದು ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ನಡೆಯುತ್ತ ಹೋದರೆ ಕಥೆಯೂ ಮುಂದೆ ಹೋಗುತ್ತದೆ. ನಾವು ಬೆರಳಿನಿಂದ ಪರದೆ ಸರಿಸುತ್ತೇವೆ, ಇಲ್ಲಿ ಕಾಲಿನಿಂದ ಸರಿಸಬೇಕು. ಅಭಿಮನ್ಯು ಸಿಕ್ಕಿಬಿದ್ದ ಚಕ್ರವ್ಯೂಹವನ್ನು ಒಂದೇ ಚೌಕದಲ್ಲಿ ಸುರುಳಿಯಾಗಿ ಕಡೆದಿರುವುದನ್ನು ನೋಡಿ, ಇದನ್ನು ಬರೆಯಲು ನನಗೆ ಎಷ್ಟು ಪುಟ ಬೇಕಾಗುತ್ತಿತ್ತೋ ಅಂದುಕೊಂಡೆ.

ಬೇಲೂರಿನಲ್ಲಿ ಗೈಡ್ ಮದನಿಕೆಯರ ಕೆಳಗೆ ಸಣ್ಣದಾಗಿ ಕೆತ್ತಿರುವ ಹಳೆಯ ಕನ್ನಡ ಅಕ್ಷರಗಳ ಬಗ್ಗೆ ಹೇಳಿದರು. ಅವು ಶಿಲ್ಪಿಗಳ ಸಹಿ. 1117ರಲ್ಲಿ ಪ್ರತಿಷ್ಠೆಯಾದ ಈ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಹೊಯ್ಸಳ ಶಿಲ್ಪಿಗಳಲ್ಲಿ ಕೆಲವರು ಊರನ್ನು, ತಂದೆಯ ಹೆಸರನ್ನು, ಬಿರುದನ್ನು ಕೂಡ ಸೇರಿಸುತ್ತಿದ್ದರು. ಬಳ್ಳಿಗಾವಿ ಚಾಲುಕ್ಯರ ಸೀಮೆ. ಹೊಯ್ಸಳರ ಶೈಲಿ ಬೆಳೆದದ್ದೇ ಚಾಲುಕ್ಯರ ಶೈಲಿಯಿಂದ. ಮಗ ಕಲಿತದ್ದು ತಂದೆಯಿಂದ. ಅದನ್ನು ಮುಚ್ಚಿಡಲಿಲ್ಲ, ಕಲ್ಲಿನಲ್ಲೇ ಬರೆದರು. ನಾವು ದಾರಿಯಲ್ಲಿ ದಾಟಿ ಬಂದ ಜಾವಗಲ್‌ನಲ್ಲೂ, ದೂರದ ಸೋಮನಾಥಪುರದಲ್ಲೂ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹೀಗೆಯೇ ಉಳಿದಿದೆ.

ಆ ಸಹಿಗಳ ಕೆಳಗೆ ನಿಂತಾಗ ನನ್ನ ಗೋಡೆ ಪತ್ರಿಕೆಯ ಸಹಿ ನೆನಪಾಗಿ ನಾಚಿಕೆಯಾಯಿತು.

ಕಲಿಯುವುದು, ಕದಿಯುವುದು

ನೋಡಿ ಬರೆಯುವುದು ತಪ್ಪಲ್ಲ. ಕೈ ಪಳಗುವುದೇ ಹಾಗೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಯಾರ ಚಿತ್ರವನ್ನಾದರೂ ನೂರು ಸಲ ನಕಲು ಮಾಡಿ. ಅದನ್ನು ನಿಮ್ಮ ಹೆಸರಿನಲ್ಲಿ ಹೊರಗೆ ತಂದಾಗ ತಪ್ಪಾಗುತ್ತದೆ.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕೂಡಲೇ ಅದರ ಹಕ್ಕು ಬರೆದವರದು, ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ಕಲಾವಿದರ ಜೀವಿತಕಾಲ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಆದರೆ ಉಪಾಯಕ್ಕೆ, ಶೈಲಿಗೆ ಹಕ್ಕಿಲ್ಲ. ಕಡ್ಡಿ ಗೊಂಬೆ ಯಾರು ಬೇಕಾದರೂ ಬರೆಯಬಹುದು, ರಾಂಡಲ್ ಮನ್ರೋ ಬರೆದ ಅದೇ ಚಿತ್ರವನ್ನು ನಮ್ಮದೆಂದು ಹಾಕುವಂತಿಲ್ಲ. ಇನ್ನು 2025ರ ಮಾರ್ಚ್‌ನಲ್ಲಿ ನಾವೆಲ್ಲ ಮೊಬೈಲಿನಲ್ಲಿ ನಮ್ಮ ಫೋಟೋಗಳನ್ನು ಜಪಾನಿನ ಗಿಬ್ಲಿ ಶೈಲಿಗೆ ಬದಲಿಸಿ ಡಿಪಿ ಹಾಕಿಕೊಂಡೆವಲ್ಲ, ಆಗ ನಮ್ಮಲ್ಲಿ ಎಷ್ಟು ಜನ ಹಯಾವೊ ಮಿಯಾಝಾಕಿ ಎಂಬ ಹೆಸರು ಕೇಳಿದ್ದೆವು?

ಶುರು ಮಾಡುವವರಿಗೆ

ದುಬಾರಿ ಸಾಮಾನು ಬೇಡ. ಬಿಳಿ ಹಾಳೆ, ಪೆನ್ಸಿಲ್, ಕಪ್ಪು ಪೆನ್ನು, ಮೊಬೈಲ್ ಕ್ಯಾಮೆರಾ ಸಾಕು. ಮಾತಿನ ಗುಳ್ಳೆಯನ್ನು ಚಿತ್ರಕ್ಕಿಂತ ಮೊದಲು ಬರೆದುಕೊಳ್ಳಿ. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತಕ್ಷರ ಬರುವುದರಿಂದ ಇಂಗ್ಲಿಷಿಗಿಂತ ಹೆಚ್ಚು ಎತ್ತರದ ಜಾಗ ಬೇಕು. ಇದು ತಿಳಿಯದೆ ನಾನು ಮೂರು ಹಾಳೆ ಹಾಳು ಮಾಡಿದೆ. ಕಂಪ್ಯೂಟರಿನಲ್ಲಿ ಅಕ್ಷರ ಹಾಕುವವರಿಗೆ 'ಬಲೂ ತಮ್ಮ' ಎಂಬ ದುಂಡನೆಯ ಫಾಂಟ್ ಉಚಿತವಾಗಿ ಸಿಗುತ್ತದೆ, ಕಾಮಿಕ್ಕಿಗೆ ಒಪ್ಪುತ್ತದೆ.

ಬಹುಮಾನದ ಪ್ರಮಾಣಪತ್ರವನ್ನು ಮೇಡಂ ಕೈಗೆ ವಾಪಸ್ ಕೊಟ್ಟಿದ್ದೇನೆ. ಮೂಲ ಕಲಾವಿದರಿಗೂ ಕ್ಷಮೆ ಕೇಳಿ ಸಂದೇಶ ಕಳಿಸಿದೆ, ಉತ್ತರ ಇನ್ನೂ ಬಂದಿಲ್ಲ. ಪ್ರಥಮ ಪಿಯುಸಿಯ ಆ ಹುಡುಗಿಗೂ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇಬ್ಬರೂ ಸೇರಿ ಕಲಿಯೋಣ ಆಪಾ" ಅಂದಳು.

ಮುಂದಿನ ಗೋಡೆ ಪತ್ರಿಕೆಗೆ ನಾವಿಬ್ಬರೂ ಸೇರಿ ಒಂದು ಕಾಮಿಕ್ ಬರೆಯುತ್ತಿದ್ದೇವೆ. ಕಡ್ಡಿ ಗೊಂಬೆಗಳೇ, ಅಂದವಾಗೇನೂ ಇಲ್ಲ. ಕೆಳಗಿನ ಅಂಚಿನಲ್ಲಿ ರೇಖೆ ಯಾರದು, ಮಾತು ಯಾರದು, ಯಾರನ್ನು ನೋಡಿ ಕಲಿತೆವು ಎಂದು ಮೂರು ಸಾಲು ಇರುತ್ತದೆ. ನೀವು ಬರೆದು ಕೊಡುವವರಿದ್ದರೆ ಆ ಮೂರು ಸಾಲಿಗೆ ಜಾಗ ಬಿಟ್ಟು ಕೊಡಿ.