ಕೌದಿಯ ಮೇಲಿನ ಬೆಕ್ಕು

ವಸಂತವನ್ನು ಋತುರಾಜನೆಂದು ಕವಿಗಳು ಕೊಂಡಾಡಿದರು; ವರ್ಷಋತುವಿಗೆ ವಿರಹಿಗಳ ನಿಟ್ಟುಸಿರನ್ನೆಲ್ಲ ಮೀಸಲಿಟ್ಟರು. ಶರದೃತುವಿನ ಪಾಲಿಗೆ ಬಂದುದು ಬೆಳ್ದಿಂಗಳು ಮಾತ್ರ. ಆದರೆ ಮನೆ ನಡೆಸುವ ಗೃಹಿಣಿಯನ್ನು ಕೇಳಿದರೆ ಬೇರೊಂದು ಉತ್ತರ ಬಂದೀತು. ಶರತ್ಕಾಲವೆಂದರೆ ಮನೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಕಾಲ. ಯಾವುದು ಹಳತಾಯಿತು, ಯಾವುದು ಉಳಿಯಿತು, ಉಳಿದುದರಿಂದ ಮುಂದಕ್ಕೇನು ಮಾಡಬಹುದು ಎಂದು ಟ್ರಂಕುಗಳನ್ನು ತೆರೆದು, ಗಡಿಗೆಗಳನ್ನು ಇಳಿಸಿ, ಹಿತ್ತಲನ್ನು ಸುತ್ತಿ ನೋಡುವ ದಿನಗಳವು.

ಭೀಮಾ ಮತ್ತು ಕೃಷ್ಣೆಯರ ಆಸುಪಾಸಿನ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಈ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ. ಉತ್ತರೆ, ಹಸ್ತ ಮಳೆಗಳ ಹಸಿಯನ್ನು ಇಲ್ಲಿಯ ಎರೆಭೂಮಿ ತನ್ನ ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನೇ ನೆಚ್ಚಿ ರೈತರು ಹಿಂಗಾರಿ ಜೋಳ ಬಿತ್ತುತ್ತಾರೆ. ಚಿತ್ತೆಯ ಮಳೆ ಸರಿದು ಆಗಸ ತಿಳಿಯಾದಾಗ, ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಸಾಲು ತೊಳೆದಿಟ್ಟಂತೆ ಸ್ಪಷ್ಟವಾಗುತ್ತದೆ. ದಸರೆಯ ಬನ್ನಿ ಹಂಚಿ ಮುಗಿದಿರುತ್ತದೆ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದುದಾಗಿರುತ್ತದೆ. ಬಿತ್ತನೆಗೂ ಸುಗ್ಗಿಗೂ ನಡುವಿನ ಈ ಅಲ್ಪ ವಿರಾಮದಲ್ಲಿ ಹಗಲು ಇನ್ನೂ ಬಿಸಿಲು, ರಾತ್ರಿ ಮಾತ್ರ ಸಣ್ಣಗೆ ಚಳಿ. ಆ ಚಳಿಯ ಮೊದಲ ಸೋಂಕಿಗೇ ಮನೆಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ: ಬಾಡುವ ಹಿತ್ತಲು, ಬಿಚ್ಚಿಕೊಳ್ಳುವ ಕೌದಿ, ಮತ್ತು ಅದರ ಮೇಲೆ ಕರೆಯದೆ ಬಂದು ಕೂಡುವ ಬೆಕ್ಕು.

ಹಿತ್ತಲಿನ ಕೊನೆಯ ದಿನಗಳು

ಮುಂಗಾರಿನಲ್ಲಿ ಬೇಲಿಯನ್ನೇರಿ ಮಾಳಿಗೆಯನ್ನು ಮುಟ್ಟಿದ ಹೀರೆಯ ಬಳ್ಳಿ ಈಗ ಬುಡದಿಂದ ಹಳದಿಗಟ್ಟುತ್ತದೆ. ಕುಂಬಳದ ಎಲೆಗಳ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ರೋಗ ಹರಡುತ್ತದೆ. ಸೌತೆಯ ಬಳ್ಳಿ ಹಗ್ಗದಂತೆ ಒಣಗಿ ಬೇಲಿಗೆ ಸುತ್ತಿಕೊಂಡಿರುತ್ತದೆ. ಚೆಂಡುಹೂ ಒಂದೇ ಹಟ ಹಿಡಿದು ದೀಪಾವಳಿಯವರೆಗೆ ನಿಲ್ಲುತ್ತದೆ. ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ ಹೊಸ್ತಿಲ ಬಳಿ ಕೂಡಿಸಿದಾಗ, ಅವರ ನೆತ್ತಿಗೇರುವ ಹೂ ಹಿತ್ತಲಿನ ಈ ಕೊನೆಯ ಕೊಯ್ಲೇ.

ನೋಡುವವರಿಗೆ ಇದು ಹಾಳುಬಿದ್ದ ಹಿತ್ತಲು. ಹಿರಿಯ ಹೆಣ್ಣುಮಕ್ಕಳ ಕಣ್ಣಿಗೆ ಅದು ಬೀಜದ ಉಗ್ರಾಣ. ಎಲ್ಲಕ್ಕಿಂತ ಮೊದಲು ಬಿಟ್ಟ, ಎಲ್ಲಕ್ಕಿಂತ ದಪ್ಪಗೆ ಬೆಳೆದ ಹೀರೇಕಾಯಿಯನ್ನು ಅವರು ಪಲ್ಯಕ್ಕೆ ಮುಟ್ಟಿರುವುದಿಲ್ಲ. ಅದು ಬಳ್ಳಿಯಲ್ಲಿಯೇ ಒಣಗಿ, ಅಲುಗಿಸಿದರೆ ಗಲಗಲ ಸದ್ದು ಮಾಡುವಾಗ ಇಳಿಸಿ, ತುದಿ ಮುರಿದು, ಕಪ್ಪು ಬೀಜಗಳನ್ನು ಮೊರಕ್ಕೆ ಉದುರಿಸುತ್ತಾರೆ. ಉಳಿದ ನಾರು ಮೈ ತಿಕ್ಕಲು ಬಚ್ಚಲಿಗೆ ಹೋಗುತ್ತದೆ. ಕೆಲವು ಬೀಜಗಳಿಗೆ ಒಲೆಯ ಬೂದಿಯ ಲೇಪ. ಕುಂಬಳದಂಥ ದೊಡ್ಡ ಬೀಜಗಳನ್ನು ಸಗಣಿಯಲ್ಲಿ ಹುದುಗಿಸಿ ಗೋಡೆಗೆ ಬಡಿದುಬಿಡುವುದೂ ಉಂಟು. ಬೂದಿಯಾಗಲಿ ಸಗಣಿಯಾಗಲಿ ಬೀಜವನ್ನು ಹುಳುವಿನಿಂದಲೂ ತೇವದಿಂದಲೂ ಕಾಯುತ್ತದೆ. ಒಣಗಿದ ಚೆಂಡುಹೂವನ್ನು ಬೆರಳಲ್ಲಿ ಹಿಸುಕಿದರೆ ಕಡ್ಡಿಯಂಥ ಕಪ್ಪು ಬೀಜಗಳ ಕಂತೆಯೇ ಬರುತ್ತದೆ. ನಮ್ಮ ಹಬ್ಬಗಳೊಡನೆ ಇಷ್ಟು ಹೊಂದಿಕೊಂಡಿರುವ ಈ ಹೂವಿನ ತವರು ದೂರದ ಮೆಕ್ಸಿಕೊ. ಜೋಳದ ತವರು ಆಫ್ರಿಕ. ಪರದೇಶದಿಂದ ಬಂದವು ಮನೆಯವಾದದ್ದು ಹೀಗೆ, ವರ್ಷವರ್ಷವೂ ಬೀಜ ಆರಿಸಿ ಕಾಪಿಟ್ಟ ಕೈಗಳಿಂದ.

ಅಂಗಡಿಯ ಪೊಟ್ಟಣದಲ್ಲಿ ಬರುವ ಹೈಬ್ರಿಡ್ ಬೀಜಕ್ಕೆ ಈ ಆರೈಕೆ ಬೇಕಿಲ್ಲ. ಅದು ಮೊದಲ ವರ್ಷ ಹುಲುಸಾಗಿ ಫಲ ಕೊಡುತ್ತದೆ. ಆದರೆ ಅದರ ಕಾಯಿಯಿಂದ ಬೀಜ ತೆಗೆದು ಮರುವರ್ಷ ಹಾಕಿದರೆ ತಾಯಿಯ ಗುಣ ಮಕ್ಕಳಲ್ಲಿ ಒಂದೇ ಸಮನಾಗಿ ಬಾರದು. ಆದುದರಿಂದ ಪ್ರತಿ ವರ್ಷವೂ ಅಂಗಡಿಗೆ ಹೋಗಬೇಕು. ಒಂದು ಬಳ್ಳಿಯಲ್ಲಿ ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕೆಂಬ ತಿಳಿವಳಿಕೆ ಮಾತ್ರ ಯಾವ ಪೊಟ್ಟಣದಲ್ಲಿಯೂ ದೊರೆಯುವುದಿಲ್ಲ.

ಸೂಜಿಯ ಕೆಲಸ

ಹಿತ್ತಲಿನ ಲೆಕ್ಕ ಮುಗಿಯಿತೆನ್ನುವಾಗ ಟ್ರಂಕಿನ ಲೆಕ್ಕ ಆರಂಭವಾಗುತ್ತದೆ. ಬೇಸಿಗೆಯ ಬಿಡುವಿನಲ್ಲಿಯೂ ಕೌದಿ ಹೊಲಿಯುವುದುಂಟು. ಆದರೆ ಹೊದೆಯಲು ಏನಿದೆ ಏನಿಲ್ಲ ಎಂಬ ಚಿಂತೆ ಮೂಡುವುದು ಚಳಿ ಬಾಗಿಲಿಗೆ ಬಂದಾಗಲೇ. ಒಗೆದು ಮಾಳಿಗೆಯ ಮೇಲೆ ಒಣಹಾಕಿದ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲವೂ ಪಡಸಾಲೆಯ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ರಾಶಿಯಾಗುತ್ತವೆ. ಅಂಚು ಗಟ್ಟಿಯಿರುವ ಸೀರೆಯೊಂದು ಅಡಿಗೆ. ಅದರ ಮೇಲೆ ಸವೆದ ಬಟ್ಟೆಗಳ ಪದರಗಳು. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಇಳಕಲ್ ಸೀರೆಯ ಕೆಂಪು ಸೆರಗು ಒಂದೆಡೆ, ಗುಳೇದಗುಡ್ಡದ ಖಣದ ಚೂರು ಇನ್ನೊಂದೆಡೆ. ಬಳಿಕ ದೊಡ್ಡ ಸೂಜಿಯಲ್ಲಿ ದಪ್ಪ ದಾರ ಪೋಣಿಸಿ, ಅಂಚಿನಿಂದ ಒಳಮುಖವಾಗಿ, ಸಾಲಿನ ಪಕ್ಕ ಸಾಲು ಬರುವಂತೆ ಹೊಲಿಗೆ ನಡೆಯುತ್ತದೆ. ಉತ್ತ ಹೊಲದ ಗೆರೆಗಳನ್ನು ನೋಡಿದವರಿಗೆ ಈ ಸಾಲುಗಳು ಅಪರಿಚಿತವೆನಿಸವು.

ಈ ಹೊಲಿಗೆ ಬರಿಯ ಅಲಂಕಾರವೆಂದು ತಿಳಿಯಬಾರದು. ಸವೆದ ಬಟ್ಟೆಗೆ ತಾನಾಗಿ ತಾಳುವ ಬಲವಿಲ್ಲ. ಹತ್ತಿರ ಹತ್ತಿರದ ಸಾಲುಗಳು ಪದರಗಳನ್ನು ಒಂದಕ್ಕೊಂದು ಬಿಗಿಯುವುದರಿಂದ ಹರಿಯುವ ಬಟ್ಟೆಗೆ ಪಕ್ಕದ ಬಟ್ಟೆ ಆಸರೆಯಾಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಚಳಿಯನ್ನು ತಡೆಯುತ್ತದೆ. ಒಂಟಿಯಾಗಿ ಕೈಲಾಗದ ಹತ್ತು ಬಟ್ಟೆಗಳು ಕೂಡಿ ಇನ್ನಷ್ಟು ವರ್ಷ ಬಾಳುವ ಉಪಾಯವಿದು. ಅವಿಭಕ್ತ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ದೊರೆಯುವುದು ಕಷ್ಟ.

ಹೊಲಿಯುವಾಗ ಮಾತೂ ನಡೆಯುತ್ತದೆ. "ಇದು ನಮ್ಮವ್ವ ನನ್ನ ಲಗ್ನದಾಗ ಉಟ್ಟಿದ್ದ ಸೀರಿ ನೋಡು" ಎಂದು ಆಯಿ ಒಂದು ತುಂಡನ್ನು ಬೆರಳಿನಿಂದ ಸವರಿದರೆ, ತನ್ನ ಹುಟ್ಟಿಗೆ ಮೊದಲೇ ತೀರಿಹೋದ ಮುತ್ತಜ್ಜಿಯನ್ನು ಮೊಮ್ಮಗಳು ಆ ಚೂರಿನಲ್ಲಿ ಮುಟ್ಟಿದಂತಾಗುತ್ತದೆ. ಭಾವಚಿತ್ರ ತೆಗೆಸುವ ಅನುಕೂಲವಿಲ್ಲದ ಎಷ್ಟೋ ಮನೆಗಳಲ್ಲಿ ವಂಶದ ನೆನಪು ಉಳಿದುದು ಕೌದಿಯಲ್ಲಿಯೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಹಾಸಿಗೆ ಸಾಲದಾದಾಗ ಇನ್ನೆರಡು ತುಂಡು ಸೇರಿಸಿ ಅದನ್ನೇ ಬೆಳೆಸಿದವರು ಈ ಹೆಣ್ಣುಮಕ್ಕಳು.

ಅರಮನೆಯ ಕಲೆ, ಅಂಗಳದ ಕಲೆ

ಸುರಪುರವೆಂದೊಡನೆ ಕಲಾಭಿಮಾನಿಗಳಿಗೆ ನೆನಪಾಗುವುದು ಇನ್ನೊಂದು ಕಲೆ, ಸುರಪುರದ ಕಿರುಚಿತ್ರಗಳು. ದೇವತೆಗಳನ್ನೂ ದರ್ಬಾರುಗಳನ್ನೂ ಹೊಂಬಣ್ಣದ ಸೂಕ್ಷ್ಮ ಕೆಲಸದಲ್ಲಿ ಮೂಡಿಸಿದ ಚಿತ್ರಕಾರರಿಗೆ ನಾಯಕ ಅರಸರ ಆಶ್ರಯವಿತ್ತು. 1840ರ ದಶಕದಲ್ಲಿ ಇಲ್ಲಿಗೆ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದೇ ಹೆಸರಾಯಿತು. ಆತನ ಆತ್ಮಕಥೆಯಲ್ಲಿ ಸುರಪುರದ ರಾಜಕಾರಣ ವಿಸ್ತಾರವಾಗಿಯೇ ಬಂದಿದೆ. ಆತ ಅಕ್ಕರೆಯಿಂದ ಕಂಡ ಬಾಲರಾಜ ವೆಂಕಟಪ್ಪ ನಾಯಕ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಸೋತು, ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ಮಡಿದ. 1860ರಲ್ಲಿ ಸಂಸ್ಥಾನ ನಿಜಾಮರ ರಾಜ್ಯಕ್ಕೆ ಸೇರಿಹೋಯಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ಕುಂಚಗಳಿಗೂ ಕಷ್ಟಕಾಲ ಬಂದಿತು.

ಕೌದಿಗೆ ಈ ಭಯವಿರಲಿಲ್ಲ. ಅದಕ್ಕೆ ಯಾವ ಅರಸನೂ ಜಹಗೀರು ಬರೆದುಕೊಟ್ಟಿರಲಿಲ್ಲ. ಮನೆಯ ಅಗತ್ಯವೇ ಅದರ ಆಶ್ರಯದಾತ. ಸಂಸ್ಥಾನ ಹೋಯಿತು, 1948ರಲ್ಲಿ ನಿಜಾಮರ ಆಳ್ವಿಕೆಯೂ ಹೋಯಿತು, 1956ರಲ್ಲಿ ಈ ಸೀಮೆ ಕನ್ನಡ ನಾಡಿನೊಡನೆ ಒಂದಾಯಿತು. ಆಳುವವರು ಬದಲಾದಂತೆಲ್ಲ ಚಳಿ ಮಾತ್ರ ವರ್ಷ ತಪ್ಪದೆ ಬಂದಿತು, ಕೌದಿಯೂ ವರ್ಷ ತಪ್ಪದೆ ಬಿಚ್ಚಿಕೊಂಡಿತು.

ಆದರೆ ಈಗ ಆ ಆಶ್ರಯದಾತನೇ ಸಿಂಹಾಸನ ಬಿಟ್ಟೇಳುತ್ತಿದ್ದಾನೆ. ಸಂತೆಯಲ್ಲಿ ಕಾರ್ಖಾನೆಯ ಹೊದಿಕೆಗಳು ಅಗ್ಗವಾಗಿ ದೊರೆಯುತ್ತವೆ. ನೈಲಾನು, ಪಾಲಿಯೆಸ್ಟರುಗಳ ಸೀರೆ ಹಳತಾದರೂ ಕೌದಿಗೆ ಒಗ್ಗದು. ಪದರ ಜಾರುತ್ತದೆ, ಬೆವರು ಹೀರದು. ಉಳಿದ ನೂಲಿನ ಸೀರೆಗಳನ್ನು ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವರು ಒಂದು ಸ್ಟೀಲು ಡಬ್ಬಿಗೆ ಬದಲಾಗಿ ಕೊಂಡೊಯ್ಯುತ್ತಾರೆ. ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಉತ್ತರ ಕರ್ನಾಟಕದ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಕೈಚಳಕ ದೊಡ್ಡದೇ. ಆದರೆ ಯಾವ ತುಂಡು ಯಾರದೆಂಬ ಕಥೆಯನ್ನು ಮನೆಯವರೇ ಹೇಳಬೇಕಲ್ಲದೆ ಕೂಲಿಯವರು ಹೇಳಲಾರರು.

ಕೆಲಸ ಕಳೆದುಕೊಂಡ ಬೆಕ್ಕು

ಅಗತ್ಯ ಹೋದ ಮೇಲೆ ಎಲ್ಲವೂ ಹೋಗಲೇಬೇಕೆ? ಈ ಪ್ರಶ್ನೆಗೆ ಉತ್ತರ ಕೌದಿಯ ಮೇಲೆಯೇ ಮಲಗಿದೆ.

ಬೆಕ್ಕು ಮನುಷ್ಯನ ಮನೆಗೆ ಬಂದುದು ಪ್ರೀತಿಗಾಗಿ ಅಲ್ಲ. ಪಶ್ಚಿಮ ಏಷ್ಯದಲ್ಲಿ ಜನ ಧಾನ್ಯ ಬೆಳೆದು ಕೂಡಿಡತೊಡಗಿದಾಗ ಇಲಿಗಳು ಬಂದವು. ಇಲಿಗಳ ಬೆನ್ನಿಗೆ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತಿದೆ. ಅಷ್ಟು ಹಳೆಯ ನಂಟಿದು. ಈ ಸೀಮೆಯಲ್ಲಿಯೂ ಅದರ ಉದ್ಯೋಗ ಖಚಿತವಾಗಿತ್ತು. ನೆಲದಲ್ಲಿ ತೋಡಿ, ಹುಲ್ಲು ಹಾಸಿ, ಬಾಯಿ ಬಿಗಿದ ಹಗೇವಿನಲ್ಲಿ ಜೋಳ ಕ್ಷೇಮವಾಗಿರುತ್ತಿತ್ತು. ಗಾಳಿಯಾಡದ ಆ ಗುಳಿಯಲ್ಲಿ ಹುಳು ಬದುಕದು. ಹಗೇವು ತೆಗೆದು ಜೋಳವನ್ನು ಕಣಜಕ್ಕೆ, ಚೀಲಕ್ಕೆ ತುಂಬಿದೊಡನೆ ಇಲಿಗಳಿಗೆ ಹಬ್ಬ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹುಟ್ಟಿದ್ದು ಇಂಥ ಮನೆಗಳ ಮೂಲೆಯಲ್ಲಿಯೇ ಇರಬೇಕು.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದಂತೆ, ಜೋಳ ನಿಲ್ಲುತ್ತಿದ್ದ ಎಷ್ಟೋ ನೆಲದಲ್ಲಿ ಭತ್ತ ನಿಂತಿತು. ಬೆಳೆ ಕಣದಿಂದ ನೇರವಾಗಿ ಮಾರುಕಟ್ಟೆಗೆ ಹೋಗತೊಡಗಿತು. ಹಗೇವುಗಳು ಮುಚ್ಚಿಹೋದವು, ಅಡುಗೆಮನೆಯ ಕಾಳು ಮುಚ್ಚಳದ ಡಬ್ಬಿಗಳಿಗೆ ಸೇರಿತು. ಬೆಕ್ಕಿನ ಉದ್ಯೋಗ ಬಹುಮಟ್ಟಿಗೆ ಮುಗಿದಂತಾಯಿತು.

ಆದರೂ ಬೆಕ್ಕು ಹೋಗಲಿಲ್ಲ. ಯಾರೂ ಅದನ್ನು ಕಳುಹಿಸಲೂ ಇಲ್ಲ. ಹೊಲಿಯಲೆಂದು ಕೌದಿ ಹರಡಿದೊಡನೆ ಅದು ಎಲ್ಲಿಂದಲೋ ಬಂದು, ಎರಡು ಸುತ್ತು ಸುತ್ತಿ, ಮುಂಗಾಲುಗಳಿಂದ ಬಟ್ಟೆಯನ್ನು ನಾದುತ್ತದೆ. ಮರಿಯಾಗಿದ್ದಾಗ ತಾಯಿಯ ಮೊಲೆಯ ಸುತ್ತ ಹಾಲಿಗಾಗಿ ನಾದಿದ ಅಭ್ಯಾಸವದು; ಮೆತ್ತಗಿನ ಬೆಚ್ಚನೆಯ ಬಟ್ಟೆ ಸಿಕ್ಕಾಗ ಮರಳಿ ಬರುತ್ತದೆ. ದಾರದ ಉಂಡೆಯನ್ನು ಮೂಲೆಗೆ ಉರುಳಿಸುತ್ತದೆ. "ಏಳ, ಸೂಜಿ ಚುಚ್ಚೀತು" ಎಂದು ಆಯಿ ಗದರುತ್ತಾಳೆ. ಗದರಿ, ಅದು ಮಲಗಿದ ಮೂಲೆಯನ್ನು ಬಿಟ್ಟು ಇನ್ನೊಂದು ಮೂಲೆಯಿಂದ ಹೊಲಿಗೆ ಮುಂದುವರಿಸುತ್ತಾಳೆ. ಕೆಲಸಕ್ಕಾಗಿ ಬಂದದ್ದು ಒಲವಿಗಾಗಿ ಉಳಿದುದು ಹೀಗೆ.

ಕೌದಿಗೂ ಈ ದಾರಿ ತೆರೆದಿದೆಯೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಆಫ್ರಿಕದ ಮೂಲದ ಸಿದ್ದಿ ಜನರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆ ನೆಲೆಸಿದ್ದಾರೆ. ಅವರ ಹೆಂಗಸರು ಹೊಲಿಯುವ ಕವಂದಿ ನಮ್ಮ ಕೌದಿಯ ಹತ್ತಿರದ ಬಂಧು. ಅದರ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಮುಕ್ಕೋನದ ಹೂ ಇರಲೇಬೇಕು. ಹೂವಿಲ್ಲದ ಕವಂದಿ ಅವರ ಪಾಲಿಗೆ ಅಪೂರ್ಣ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವನ್ನು ಕಂಡು ಮೆಚ್ಚಿ, 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಸಂಘವೊಂದು ರೂಪುಗೊಳ್ಳಲು ನೆರವಾದರು. ಮುಂದೆ ಆ ಕವಂದಿಗಳು ಅಮೆರಿಕದ ಪ್ರದರ್ಶನ ಮಂದಿರಗಳ ಗೋಡೆಗೂ ಏರಿದವು. ಹೊದೆಯುವ ಅಗತ್ಯವೊಂದನ್ನೇ ನಂಬಿದ್ದರೆ ಅವು ಅಲ್ಲಿಗೆ ಹೋಗುತ್ತಿರಲಿಲ್ಲ. ಒಲವಿನಿಂದ ನೋಡುವ ಕಣ್ಣು ಅವಕ್ಕೆ ದೊರೆಯಿತು.

ಎಲ್ಲ ಕೌದಿಗಳೂ ವಿದೇಶಕ್ಕೆ ಹೋಗಬೇಕಾಗಿಲ್ಲ. ಮನೆಯ ಮಗಳಿಗೋ ಸೊಸೆಗೋ ಮಗನಿಗೋ ಆ ಹೊಲಿಗೆ ತಿಳಿದರೆ ಸಾಕು. ದೊಡ್ಡದನ್ನು ಹೊಲಿಯಲು ಪುರುಸೊತ್ತಿಲ್ಲದವರು ತೊಟ್ಟಿಲ ಕೂಸಿಗೆ ಸಾಲುವಷ್ಟು ಪುಟ್ಟದನ್ನು ಹೊಲಿಯಬಹುದು. ಮೆತ್ತಗಾದ ಹಳೆಯ ನೂಲಿಗಿಂತ ಕೂಸಿನ ಮೈಗೆ ಹಿತವಾದ ಬಟ್ಟೆ ಬೇರೊಂದಿಲ್ಲ. ಹಿತ್ತಲಿಲ್ಲದ ಪಟ್ಟಣದ ಮನೆಯವರೂ ಕುಂಡದಲ್ಲಿ ಬಾಡಿದ ಒಂದು ಚೆಂಡುಹೂವನ್ನು ಕಿತ್ತೆಸೆಯದೆ ಬೀಜಕ್ಕೆ ಬಿಡಬಹುದು.

ಈ ಶರತ್ತಿನಲ್ಲಿ ಪಾತ್ರೆಯವರ ಕೂಗು ಬೀದಿಯಲ್ಲಿ ಕೇಳಿಸಿದಾಗ, ಸ್ಟೀಲು ಡಬ್ಬಿಯ ಹೊಳಪಿಗೆ ಮನಸೋಲುವ ಮುನ್ನ, ಟ್ರಂಕಿನ ತಳದ ನೂಲಿನ ಸೀರೆಯನ್ನೊಮ್ಮೆ ಹೊರತೆಗೆದು ಮನೆಯ ಹಿರಿಯರ ಮುಂದೆ ಹರಡಿ, ಅದು ಯಾರದೆಂದು ಕೇಳಿ ನೋಡಬೇಕು. ಉತ್ತರ ಬರುವಷ್ಟರಲ್ಲಿ ಬೆಕ್ಕು ಬಂದು ಅದರ ಮೇಲೆ ಕುಳಿತಿದ್ದರೆ ಓಡಿಸುವ ಅವಸರ ಬೇಡ.